ಫೋನಿಗೆ ನೆನಪಿರುವ ಪಾಸ್‌ವರ್ಡ್

ಧಾರವಾಡದ ಸಪ್ತಾಪುರದ ಪೀಜಿಗಳಲ್ಲಿ ಪಿಎಸ್‌ಐ, ಕೆಎಎಸ್ ಪರೀಕ್ಷೆಗೆ ಓದುವ ಹುಡುಗರು ಒಂದೇ ವೈಫೈಯಲ್ಲಿ ವರ್ಷ ಕಳೆಯುತ್ತಾರೆ. ಪಾಸ್‌ವರ್ಡ್ ಇಟ್ಟವನು ನೌಕರಿ ಹಿಡಿದು ಹೋಗಿರುತ್ತಾನೆ. ಹೊಸದಾಗಿ ಬಂದವನು ‘ಪಾಸ್‌ವರ್ಡ್ ಏನ್ರೀ ಅಣ್ಣಾ?’ ಎಂದರೆ ಉಳಿದವರು ಮುಖಮುಖ ನೋಡಿಕೊಳ್ಳುತ್ತಾರೆ. ‘ಯಾರಿಗ್ ನೆನಪೈತಿ ತಮ್ಮಾ, ತಾನಽ ಕನೆಕ್ಟ್ ಆಗ್ತೈತಿ.’

ತಾನೇ ಕನೆಕ್ಟ್ ಆಗುವ ಫೋನಿಗೆ ಪಾಸ್‌ವರ್ಡ್ ಗೊತ್ತಿದೆ ಎಂದೇ ಅರ್ಥ. ಅದನ್ನು ಹೊರಗೆ ತರಬಲ್ಲವರು ಮೊದಲು ಕಲಿಯುವುದು ಕೈ ತಡೆದುಕೊಳ್ಳುವುದನ್ನು. ಅವಸರದವರು ರೂಟರಿನ ಸಣ್ಣ ತೂತಿಗೆ ಪಿನ್ ಚುಚ್ಚಿ ರೀಸೆಟ್ ಮಾಡಿಬಿಡುತ್ತಾರೆ. ಆಗ ವೈಫೈ ಪಾಸ್‌ವರ್ಡ್ ಜೊತೆಗೆ ಇಂಟರ್ನೆಟ್‌ನವರು ತುಂಬಿಟ್ಟ ಯೂಸರ್‌ನೇಮೂ ಅಳಿಸಿಹೋಗುವುದುಂಟು. ಅವರು ಬರುವ ತನಕ ಇಡೀ ಪೀಜಿಗೆ ಉಪವಾಸ. ಫೋನಿನಲ್ಲಿ ‘ಫರ್ಗೆಟ್’ ಒತ್ತುವುದಂತೂ ಇದ್ದ ಸಾಕ್ಷಿಯನ್ನೇ ಕೊಂದಂತೆ.

ಹಿಂದೆ ಫೋನಿನಿಂದ ಪಾಸ್‌ವರ್ಡ್ ತೆಗೆಯುವುದು ನಿಜಕ್ಕೂ ಕಷ್ಟವಿತ್ತು. ಹಳೆಯ ಆಂಡ್ರಾಯ್ಡ್‌ಗಳಲ್ಲಿ ಪಾಸ್‌ವರ್ಡ್ ಒಂದು ಫೈಲಿನಲ್ಲಿ ಸಾದಾ ಅಕ್ಷರಗಳಲ್ಲೇ ಇರುತ್ತಿತ್ತು, ಆದರೆ ಫೋನ್ ರೂಟ್ ಮಾಡದೆ ಆ ಫೈಲ್ ತೆರೆಯುತ್ತಿರಲಿಲ್ಲ. ರೂಟ್ ಮಾಡಲು ಬೂಟ್‌ಲೋಡರ್ ಬಿಚ್ಚಿದರೆ ಹೆಚ್ಚಿನ ಫೋನುಗಳಲ್ಲಿ ಒಳಗಿನದೆಲ್ಲ ಅಳಿಯುತ್ತದೆ, ಹುಡುಕಹೊರಟ ಪಾಸ್‌ವರ್ಡ್ ಕೂಡ! 2019ರ ಆಂಡ್ರಾಯ್ಡ್ 10 ಈ ಗೋಳು ತಪ್ಪಿಸಿತು. ವೈಫೈ ಸೆಟ್ಟಿಂಗಿನಲ್ಲಿ ನೆಟ್‌ವರ್ಕಿನ ಹೆಸರು ತೆರೆದು ‘ಶೇರ್’ ಒತ್ತಿದರೆ, ಬೆರಳಚ್ಚನ್ನೋ ಪಿನ್ನನ್ನೋ ಕೇಳಿ ಕ್ಯೂಆರ್ ಕೋಡ್ ತೋರಿಸುತ್ತದೆ; ಹಲವು ಫೋನುಗಳಲ್ಲಿ ಕೆಳಗೇ ಪಾಸ್‌ವರ್ಡೂ ಇರುತ್ತದೆ. ಐಫೋನಿನಲ್ಲಿ ಪಾಸ್‌ವರ್ಡ್ ನೋಡುವ ಸೌಲಭ್ಯ 2022ರ ಐಓಎಸ್ 16ರಿಂದ ಇದೆ. ಫೋನಿನ ಒಡೆಯ ಒಪ್ಪಿ ಬೆರಳಿಡದೆ ಯಾವುದೂ ನಡೆಯದು ಎಂಬುದು ನನಗೆ ಹಿಡಿಸಿದ ಸಂಗತಿ.

ಬರೀ ಕ್ಯೂಆರ್ ತೋರಿಸಿ ಸುಮ್ಮನಾಗುವ ಫೋನುಗಳಲ್ಲೇ ಕೈಚಳಕ ಬೇಕು. 1994ರಲ್ಲಿ ಜಪಾನಿನ ಡೆನ್ಸೊ ಸಂಸ್ಥೆಯ ಮಸಾಹಿರೊ ಹಾರಾ ವಾಹನದ ಬಿಡಿಭಾಗಗಳ ಲೆಕ್ಕಕ್ಕೆಂದು ರೂಪಿಸಿದ ಚೌಕ ಇದು. ಒಂದಿಷ್ಟು ಭಾಗ ಕೆಟ್ಟರೂ ಓದಲು ಬರುತ್ತದೆ, ಹೀಗಾಗಿ ಡಿಸ್‌ಪ್ಲೇ ಬಿರುಕು ಬಿಟ್ಟಿದ್ದರೂ ಕೈಬಿಡಬೇಕಿಲ್ಲ. ಇನ್ನೊಂದು ಫೋನಿನಲ್ಲಿ ಅದರ ಫೋಟೊ ತೆಗೆದು, ಒಳಗಿನ ಬರಹವನ್ನು ಹಾಗೇ ತೋರಿಸುವ ಸ್ಕ್ಯಾನರ್‌ಗೆ ಕೊಟ್ಟರೆ ಒಂದೇ ಸಾಲು ಬರುತ್ತದೆ. ಅದರಲ್ಲಿ ಇಂಗ್ಲಿಷಿನ ‘ಟಿ’ ಆದಮೇಲೆ ಭದ್ರತೆಯ ಬಗೆ, ‘ಎಸ್’ ಆದಮೇಲೆ ನೆಟ್‌ವರ್ಕಿನ ಹೆಸರು, ‘ಪಿ’ ಆದಮೇಲೆ ನಮಗೆ ಬೇಕಾದದ್ದು. ಪಾಸ್‌ವರ್ಡಿನಲ್ಲಿ ಅಲ್ಪವಿರಾಮ, ಅರ್ಧವಿರಾಮದಂಥ ಚಿಹ್ನೆಗಳಿದ್ದರೆ ಅವುಗಳ ಹಿಂದೆ ಒಂದು ಓರೆಗೆರೆ ಸೇರಿಕೊಂಡಿರುತ್ತದೆ. ಅದನ್ನು ಬಿಟ್ಟು ಬರೆದುಕೊಳ್ಳಬೇಕು. ಪಾಸ್‌ವರ್ಡ್ ಸಿಕ್ಕರೂ ಕನೆಕ್ಟ್ ಆಗುತ್ತಿಲ್ಲವೆಂದು ಗೊಣಗುವವರು ಈ ಗೆರೆಯನ್ನು ನೋಡಿಕೊಳ್ಳಲಿ.

ಹುಬ್ಬಳ್ಳಿ ರೈಲು ನಿಲ್ದಾಣದ 1507 ಮೀಟರ್ ಪ್ಲಾಟ್‌ಫಾರ್ಮಿನಲ್ಲಿ ಮಾತ್ರ ಈ ವಿದ್ಯೆಗೆ ಕೆಲಸವಿಲ್ಲ. ಅಲ್ಲಿನ ರೈಲ್‌ವೈರ್ ವೈಫೈ ಮೊಬೈಲ್ ನಂಬರಿಗೆ ಓಟಿಪಿ ಕಳಿಸುತ್ತದೆ. ಫೋನ್ ಉಳಿಸಿಕೊಳ್ಳಲು ಪಾಸ್‌ವರ್ಡೇ ಇಲ್ಲ.

ಕ್ಯೂಆರ್ ಒಳಗೆ ಪಾಸ್‌ವರ್ಡಿಗೆ ಯಾವ ಬೀಗವೂ ಇಲ್ಲವೆಂದು ಈಗ ತಿಳಿಯಿತಲ್ಲ, ಆ ಚಿತ್ರವನ್ನು ವಾಟ್ಸ್ಯಾಪ್ ಗುಂಪಿಗೆ ಹಾಕಬೇಡಿ. ಕೋಣೆ ಬಿಟ್ಟು ಹೋದವರ ಫೋನಿನಲ್ಲೂ ಪಾಸ್‌ವರ್ಡ್ ಉಳಿದೇ ಇರುತ್ತದೆ. ಯಾರಾದರೂ ಖಾಲಿ ಮಾಡಿದಾಗಲೊಮ್ಮೆ ಬದಲಿಸಿಬಿಡಿ.