ಕೌದಿಯ ಮೇಲೊಂದು ಲಾರಿ

ಹಳೆಯ ಸೀರೆ, ಸವೆದ ಅಂಗಿಗಳ ಗಂಟು ಇಲ್ಲದ ಮನೆ ಯಾವುದಿದೆ ಹೇಳಿ? ಬಿಸಾಡಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಜಾಗವಿಲ್ಲ. ನಮ್ಮ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಇದಕ್ಕೆ ಎಂದೋ ಕಂಡುಕೊಂಡ ಉಪಾಯ ಕೌದಿ. ಹಳೆ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಸಾಲು ಸಾಲಾಗಿ ಹೊಲಿಯುವುದು. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ತಮ್ಮ ಕವಂದಿಯ ಮೂಲೆಗಳಿಗೆ ಮಡಿಸಿದ ಬಟ್ಟೆಯ 'ಫೂಲ'ಗಳನ್ನು, ಅಂದರೆ ಹೂವುಗಳನ್ನು, ಇಡುತ್ತಾರೆ. ನಿಮ್ಮ ಮನೆಗೆ ಅನ್ನ ತಂದ ವಾಹನವನ್ನೂ ಹಾಗೆ ಕೌದಿಯ ಮೇಲೆ ಇಡಬಹುದಲ್ಲವೆ? ನಾನು ಇಟ್ಟದ್ದು ಲಾರಿ.

ನಮ್ಮಪ್ಪ ಲಾರಿ ಡ್ರೈವರ್. ಬ್ಯಾಡಗಿಯಿಂದ ಮುಂಬಯಿಗೆ ಮೆಣಸಿನಕಾಯಿ ಚೀಲ ಹೇರಿಕೊಂಡು ಹೋಗುತ್ತಿದ್ದರು. 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಈ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುತ್ತಾರೆ. ಆದರೆ ಅಪ್ಪ ಖಾಕಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರೆ ಸಾಕು, ಮನೆಮಂದಿಯೆಲ್ಲ ಸೀನುತ್ತಿದ್ದೆವು! ಆ ಸೀನೇ ನಮಗೆ ಹಬ್ಬ. ಅಪ್ಪ ಬಂದರು ಎಂದು ಅರ್ಥ.

1993ರ ಜನವರಿಯಲ್ಲಿ ಮುಂಬಯಿಯಲ್ಲಿ ಗಲಭೆ ಎದ್ದಾಗ ಅಪ್ಪನ ಗಾಡಿ ಆ ದಾರಿಯಲ್ಲೇ ಇತ್ತು. ಮನೆಯಲ್ಲಿ ಫೋನಿಲ್ಲ. ಅವ್ವ ದಿನಾ ಸಂಜೆ ನನ್ನನ್ನು ದಲಾಲಿ ಅಂಗಡಿಗೆ ಕಳಿಸುತ್ತಿದ್ದಳು. "ಮುಂಬಯಿ ಫೋನ್ ಹತ್ತವಲ್ದವ್ವಾ" ಎನ್ನುವ ಉತ್ತರ ಹೊತ್ತು ನಾನು ವಾಪಸು ಬರುತ್ತಿದ್ದೆ. ಅವ್ವ ಅಳಲಿಲ್ಲ. ಹಳೆ ಸೀರೆಗಳ ಗಂಟು ಬಿಚ್ಚಿ ಕೌದಿ ಹಾಸಿದಳು. ಬೆಳತನಕ ಚಿಮಣಿ ಮುಂದೆ ಕೂತು ಹೊಲಿದಳು. ಒಂಬತ್ತನೆಯ ರಾತ್ರಿ ಗಾಡಿಯ ಸದ್ದು ಕೇಳಿತು. ಸೂಜಿಯನ್ನು ಕೌದಿಗೆ ಚುಚ್ಚಿ ಎದ್ದವಳು, ಒಂದು ಮಾತೂ ಆಡದೆ ನೀರು ಕಾಯಿಸಲು ಹೋದಳು.

ಆ ಕೌದಿ ಈಚೆಗೆ ನಡುವೆ ಹರಿಯಿತು. ತೇಪೆ ಹಾಕಬೇಕಾಗಿತ್ತು. ಟ್ರಂಕಿನಲ್ಲಿ ಅಪ್ಪನ ಖಾಕಿ ಅಂಗಿಯೂ ಇತ್ತು.

ಮಾಡುವ ರೀತಿ ಸುಲಭ. ಬಟ್ಟೆಗಳೆಲ್ಲ ಹತ್ತಿಯವೇ ಇರಲಿ. ಮೊದಲು ಒಗೆದು ಒಣಗಿಸಿ ಇಸ್ತ್ರಿ ಮಾಡಿ. ಬಣ್ಣ ಬಿಡುವ ಬಟ್ಟೆಯನ್ನು ಬೇರೆಯಾಗಿಯೇ ನೆನೆಸಿ ನೋಡಿ. ಬುಡಕ್ಕೆ 12 ಅಂಗುಲದ ಚೌಕ ಬೇಕು. ಲಾರಿಯ ಹಿಂಭಾಗಕ್ಕೆ 6 ಅಂಗುಲ ಉದ್ದ, 4 ಅಂಗುಲ ಎತ್ತರದ ತುಂಡು. ಮುಂಭಾಗಕ್ಕೆ 3 ಅಂಗುಲದ ಚೌಕ. ಮೊದಲು ದಿನಪತ್ರಿಕೆಯ ಹಾಳೆಯಲ್ಲಿ ಕತ್ತರಿಸಿ, ಬಟ್ಟೆಯ ಮೇಲಿಟ್ಟು, ಮಡಿಕೆಗೆಂದು ಸುತ್ತಲೂ ಕಾಲು ಅಂಗುಲ ಬಿಟ್ಟು ಕತ್ತರಿಸಿ. ಚಕ್ರಗಳು ದುಂಡಗೆ ಬರಲು ಹಳೆಯ ಲಗ್ನಪತ್ರಿಕೆಯ ರಟ್ಟಿನಲ್ಲಿ 2 ಅಂಗುಲದ ಬಿಲ್ಲೆ ಮಾಡಿಕೊಳ್ಳಿ. ಅದಕ್ಕಿಂತ ತುಸು ದೊಡ್ಡದಾಗಿ ಕರಿ ಬಟ್ಟೆ ಕತ್ತರಿಸಿ, ಅಂಚಿಗೆ ದಾರ ಓಡಿಸಿ, ರಟ್ಟನ್ನು ಒಳಗಿಟ್ಟು ದಾರ ಜಗ್ಗಿ ಇಸ್ತ್ರಿ ಮಾಡಿ. ಆಮೇಲೆ ರಟ್ಟು ತೆಗೆಯಿರಿ. ಬುಡದ ಚೌಕದ ಮೇಲೆ ಎಲ್ಲವನ್ನೂ ಅಂಚು ಮಡಿಚಿ ಸಣ್ಣ ಹೊಲಿಗೆಯಿಂದ ಕೂಡಿಸಿ. ಕೊನೆಗೆ ಚೌಕವನ್ನು ಕೌದಿಯ ಮೇಲಿಟ್ಟು, ದಪ್ಪ ಸೂಜಿಯಿಂದ ಎಲ್ಲ ಪದರ ಸೇರುವಂತೆ ಹೊಲಿಯಿರಿ.

ಅಪ್ಪನಿಗೆ ಈಗ ಕಣ್ಣು ಮಂಜು. ಕೌದಿಯನ್ನು ತೊಡೆಯ ಮೇಲೆ ಹಾಕಿಕೊಂಡು ಬೆರಳಾಡಿಸಿದರು. ಗಾಲಿ ಸಿಕ್ಕವು, ನಕ್ಕರು. "ನಿಂಬಿಹಣ್ಣು, ಮೆಣಸಿನಕಾಯಿ ಕಟ್ಟದs ಗಾಡಿ ಹೆಂಗ ಬಿಟ್ಟೆವ್ವಾ?" ಎಂದರು. ಬೆರಳು ಲಾರಿ ದಾಟಿ ಹಳೆಯ ಹೊಲಿಗೆಗೆ ಹೋಯಿತು. "ಇಷ್ಟು ಒತ್ತೊತ್ತಾಗಿ ಯಾಕ ಹೊಲದೀ?" ಎಂದು ಅವ್ವನನ್ನು ಕೇಳಿದರು.

"ಆ ಒಂಬತ್ತು ದಿನ ನಿದ್ದಿ ಎಲ್ಲಿತ್ತರಿ? ಇದs ನನ್ನ ಜೋಡಿ ಕುಂತಿತ್ತು" ಎಂದಳು ಅವ್ವ.

ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ಪನವೇಲ್ ಹತ್ತಿರ ಗಾಡಿ ನಿಲ್ಲಿಸಿಕೊಂಡು, ಹಗಲೆಲ್ಲ ಚೀಲಗಳ ಮರೆಯಲ್ಲಿ ಕೂತು, ಮನೆಗೆ ಸುದ್ದಿ ಮುಟ್ಟಿಸುವುದು ಹೇಗೆಂದು ಒದ್ದಾಡಿದ್ದನ್ನು ಹೇಳಿದರು. ಮೂವತ್ತು ವರ್ಷ ದಾಟಿದರೂ ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡಿರದ ಮಾತು ಅದು. ಮರುದಿನ ಅವ್ವನೇ ಹಳದಿ ದಾರದಲ್ಲಿ ನಿಂಬೆಹಣ್ಣು, ಹಸಿರು ದಾರದಲ್ಲಿ ಏಳು ಮೆಣಸಿನಕಾಯಿ ಹಾಕಿದಳು.

ನಿಮ್ಮ ಮನೆಯಲ್ಲಿ ಅದು ಅಜ್ಜನ ಚಕ್ಕಡಿಯಿರಬಹುದು, ಮಾವನವರ ಸೈಕಲ್ಲಿರಬಹುದು, ಯಜಮಾನರ ಸ್ಕೂಟರ್ ಇರಬಹುದು. ಸೈಕಲ್ಲಿನ ಕಡ್ಡಿಗಳಿಗೆ ಸರಪಳಿ ಹೊಲಿಗೆ ಚೆನ್ನ. ಅದನ್ನು ಓಡಿಸಿದವರ ಹಳೆ ಬಟ್ಟೆಯನ್ನೇ ಬಳಸಿ. ಸಾಧ್ಯವಾದರೆ ಅವರನ್ನು ಪಕ್ಕದಲ್ಲಿ ಕೂಡಿಸಿಕೊಂಡೇ ಹೊಲಿಯಿರಿ. ಬರೀ ಕೂತು ಕೇಳಿದರೆ ಬಾರದ ಮಾತು, ಕೈಯಲ್ಲಿ ಸೂಜಿಯಿದ್ದಾಗ ತಾನಾಗಿ ಬರುತ್ತದೆ.