ಬರಿದಾದ ಅಂಕಣ

ಬೈಲಹೊಂಗಲ ಸೀಮೆಯ ರೈತನಿಗೆ ಪಹಣಿಯೆಂದರೆ 'ಉತಾರ'. ತಲಾಟಿಯ ಕೈಬರಹದಲ್ಲಿದ್ದ ಈ ಪತ್ರ ಕರ್ನಾಟಕ ಸರಕಾರದ 'ಭೂಮಿ' ಯೋಜನೆಯಿಂದಾಗಿ ಗಣಕಯಂತ್ರವನ್ನು ಸೇರಿತು. ಹೀಗೆ ಸೇರಿದ ಪಹಣಿಗಳು ಸುಮಾರು 2 ಕೋಟಿ. ಅವುಗಳಲ್ಲಿ ಅಂಕಣಗಳ ತಲೆಬರಹ ಎಲ್ಲರಿಗೂ ಒಂದೇ. ಒಡೆಯನ ಹೆಸರು, ಕ್ಷೇತ್ರ, ಸಾಲದ ಬೋಜಾ ಇವು ಮಾತ್ರ ಬೇರೆ ಬೇರೆ.

ಅಂತರಜಾಲದ ಪುಟಗಳೂ ಬಹುಮಟ್ಟಿಗೆ ಹೀಗೆಯೇ ಸಿದ್ಧವಾಗುತ್ತವೆ. ಬದಲಾಗದ ಭಾಗವನ್ನು ಒಂದು ನಮೂನೆಯಾಗಿ ಬರೆದಿಟ್ಟು, ಬದಲಾಗುವ ಕಡೆಗಳಲ್ಲಿ ಒಂದೊಂದು ಹೆಸರನ್ನು ಇಟ್ಟಿರುತ್ತಾರೆ. ಇದಕ್ಕೆ ಟೆಂಪ್ಲೇಟ್ ಎಂದು ಹೆಸರು. ಯಾರಾದರೂ ಪುಟವನ್ನು ಕೇಳಿದಾಗ ಯಂತ್ರವು ಆ ಹೆಸರಿನ ಜಾಗದಲ್ಲಿ ಅದರ ಬೆಲೆಯನ್ನು ತುಂಬುತ್ತದೆ.

ನಮೂನೆಯಲ್ಲಿ 'ಬೋಜಾ' ಎಂದೂ ದಾಖಲೆಯಲ್ಲಿ 'ಭೋಜಾ' ಎಂದೂ ಬರೆದಿದ್ದರೆ? ಮನುಷ್ಯನು ನಕ್ಕು ತಿದ್ದಿಕೊಳ್ಳುವ ಈ ವ್ಯತ್ಯಾಸ ಯಂತ್ರಕ್ಕೆ ತಿಳಿಯದು. ಅದಕ್ಕೆ ಇವು ಎರಡು ಬೇರೆ ಹೆಸರುಗಳು. 2005ರಲ್ಲಿ ಬಳಕೆಗೆ ಬಂದ ಜಾಂಗೋ ಎಂಬ ವ್ಯವಸ್ಥೆ ಇಂಥ ಹೆಸರಿನ ಜಾಗವನ್ನು ಸಾಮಾನ್ಯವಾಗಿ ಖಾಲಿ ಬಿಟ್ಟು ಮುಂದೆ ಸಾಗುತ್ತದೆ. ಜಿಂಜಾ ಎಂಬುದೂ ಹಾಗೆಯೇ. ಆದರೆ ಬೇಕೆಂದರೆ ಅದು ಅಲ್ಲಿಯೇ ನಿಂತು ತಪ್ಪನ್ನು ಸಾರುವಂತೆಯೂ ಮಾಡಬಹುದು.

ಖಾಲಿ ಬಿಡುವುದು ಸೌಜನ್ಯದಂತೆ ತೋರುತ್ತದೆ. ಆದರೆ ಬೋಜಾದ ಅಂಕಣ ಬರಿದಾಗಿದ್ದರೆ ಹೊಲ ಕೊಳ್ಳುವವನು ಏನೆಂದು ಓದುತ್ತಾನೆ? ಸಾಲವಿಲ್ಲವೆಂದೇ. 'ಸಾಲವಿಲ್ಲ' ಮತ್ತು 'ಸಾಲದ ವಿವರ ಸಿಗಲಿಲ್ಲ' ಎಂಬ ಎರಡು ಮಾತುಗಳು ಕಾಗದದ ಮೇಲೆ ಒಂದೇ ಆಗಿಬಿಡುತ್ತವೆ. ಸವದತ್ತಿಯ ರಟ್ಟರ ಶಾಸನಗಳಂಥ ಕಲ್ಬರಹಗಳನ್ನು ಓದುವ ವಿದ್ವಾಂಸರು ಈ ವಿಷಯದಲ್ಲಿ ಹೆಚ್ಚು ಎಚ್ಚರದವರು: ಸವೆದ ಅಕ್ಷರದ ಜಾಗದಲ್ಲಿ ಚುಕ್ಕೆಗಳನ್ನಿಡುತ್ತಾರೆಯೇ ಹೊರತು ಅಲ್ಲಿ ಏನೂ ಇರಲಿಲ್ಲವೆಂಬಂತೆ ಸಾಲನ್ನು ಕೂಡಿಸುವುದಿಲ್ಲ.

ಹಾಗೆಂದು ಎಲ್ಲ ಕೊರತೆಗೂ ಯಂತ್ರವನ್ನು ನಿಲ್ಲಿಸುವುದೂ ವಿವೇಕವಲ್ಲ. ಪುಟದ ಮೇಲಿನ ಸ್ವಾಗತದ ಮಾತಿನಲ್ಲಿ ಓದುಗನ ಹೆಸರು ಬಾರದಿದ್ದರೆ ಯಾರಿಗೂ ನಷ್ಟವಿಲ್ಲ. ನಮೂನೆಯನ್ನು ಸಿದ್ಧಪಡಿಸುವ ಹಂತದಲ್ಲಿ ಮಾತ್ರ ಪ್ರತಿಯೊಂದು ತಪ್ಪಿಗೂ ನಿಲ್ಲಬೇಕು. ಜನರ ಬಳಕೆಗೆ ಬಂದ ಮೇಲೆ, ಬೋಜಾದಂಥ ವಿವರ ಸಿಗದಿದ್ದರೆ ಪತ್ರವನ್ನು ಕೊಡದೆ ಕಾರಣವನ್ನು ತಿಳಿಸಬೇಕು.

ಖಾಲಿ ಬಿಟ್ಟದ್ದನ್ನು ಯಂತ್ರವು ತನ್ನ ದಿನಚರಿಯಲ್ಲಿ ಬರೆದಿಡುವುದೂ ಅವಶ್ಯ. ಇದನ್ನು ಲಾಗ್ ಎನ್ನುತ್ತಾರೆ. ಜಾಂಗೋ 2015ರಿಂದ ಹೀಗೆ ಬರೆಯುತ್ತಿದೆಯಾದರೂ ಅತ್ಯಂತ ಕೆಳಗಿನ ದರ್ಜೆಯಲ್ಲಿ. ವಿಶೇಷವಾಗಿ ಕೇಳದ ಹೊರತು ಅದು ಕಣ್ಣಿಗೆ ಬೀಳುವುದಿಲ್ಲ. ಯಾವ ನಮೂನೆ, ಯಾವ ಹೆಸರು, ಯಾವ ಹೊತ್ತು—ಇಷ್ಟು ಸಾಕು. ರೈತನ ಸಾಲದ ಮೊತ್ತವನ್ನು ಅಲ್ಲಿ ಬರೆಯಬೇಕಾಗಿಲ್ಲ. ಒಂದೇ ತಪ್ಪನ್ನು ಸಾವಿರ ಸಲ ಬರೆದರೆ ಓದುವವರೇ ಇರುವುದಿಲ್ಲ. ಒಮ್ಮೆ ಬರೆದು, ಎಷ್ಟು ಸಲ ನಡೆಯಿತೆಂಬ ಲೆಕ್ಕವನ್ನಿಟ್ಟರೆ ಮರುದಿನ ಬೆಳಿಗ್ಗೆ ಅದನ್ನು ತೆರೆದವನಿಗೆ ಆ 'ಭೋ' ಒಡನೆಯೇ ಕಂಡೀತು.