ಪಾಲಿಹೌಸಿನ ವಾಲ್ವು ಪೂರ್ತಿ ಮುಚ್ಚದಿರುವುದಕ್ಕೆ ಕಾರಣವೂ ಪರಿಹಾರವೂ

ಪಾಲಿಹೌಸುಗಳಲ್ಲಿ ದೊಣ್ಣೆಮೆಣಸಿನಕಾಯಿ, ಗುಲಾಬಿ ಮೊದಲಾದ ಬೆಳೆಗಳಿಗೆ ಗೊಬ್ಬರದ ದ್ರಾವಣವನ್ನು ಹರಿಸುವ ವಾಲ್ವುಗಳನ್ನು ಈಗ ಅನೇಕ ಕಡೆಗಳಲ್ಲಿ ನಿಯಂತ್ರಕ ಯಂತ್ರವೇ ನಡೆಸುತ್ತದೆ. ಯಂತ್ರವು ಸೊನ್ನೆಯಿಂದ 10 ವೋಲ್ಟಿನವರೆಗೆ ಕಳುಹಿಸುವ ಆಜ್ಞೆಗೆ ತಕ್ಕಷ್ಟು ವಾಲ್ವಿನ ಮೋಟಾರು ದಾರಿಯನ್ನು ತೆರೆಯುವುದು. ಸೊನ್ನೆಯಾದಾಗ ಪೂರ್ತಿ ಮುಚ್ಚತಕ್ಕದ್ದು. ಆದರೆ ಸೊನ್ನೆಯ ಆಜ್ಞೆಯಿದ್ದಾಗಲೂ ತಂತಿಯಲ್ಲಿ 0.3 ವೋಲ್ಟಿನಷ್ಟು ಉಳಿದಿರುವುದುಂಟು. ನೂರಕ್ಕೆ ಮೂರು ಪಾಲು ತಾನೇ ಎಂದು ಇದನ್ನು ಅಲಕ್ಷ್ಯ ಮಾಡಲಾಗದು. ಎತ್ತರದ ತೊಟ್ಟಿಯಿಂದ ದ್ರಾವಣವಿಳಿಯುವಲ್ಲಿ ರಾತ್ರಿಯೆಲ್ಲಾ ಅದು ಜಿನುಗಿ, ಬೇರಿನ ಸುತ್ತ ತೇವವೂ ಉಪ್ಪೂ ಹೆಚ್ಚಿ ಗಿಡಗಳು ಸೊರಗುವುವು.

ಇಂಥಾ ಸಂದರ್ಭದಲ್ಲಿ ವಾಲ್ವು ಸವೆದಿದೆಯೆಂದು ಹೊಸದನ್ನು ಕೊಂಡು, ಅದೂ ಜಿನುಗುವುದನ್ನು ನೋಡಿ ಪೇಚಾಡುವವರುಂಟು. ಹಣ ಕೊಡುವ ಮೊದಲು, ಆಜ್ಞೆಯ ತಂತಿಯನ್ನು ವಾಲ್ವಿನಿಂದ ಬಿಚ್ಚಿ, ಅದು ಬರುತ್ತಿದ್ದ ಟರ್ಮಿನಲನ್ನು ವಾಲ್ವಿನ ಕಾಮನ್ ಟರ್ಮಿನಲಿಗೆ ಕೂಡಿಸತಕ್ಕದ್ದು. ಆಗ ಪೂರ್ತಿ ಮುಚ್ಚಿಕೊಂಡರೆ ವಾಲ್ವಿನಲ್ಲಿ ದೋಷವಿಲ್ಲ.

ತರುವಾಯ ತಂತಿಯನ್ನು ಮರಳಿ ಸೇರಿಸಿ, ಮಲ್ಟಿಮೀಟರಿನಿಂದ ನಿಯಂತ್ರಕದ ಬಳಿಯೂ ವಾಲ್ವಿನ ಬಳಿಯೂ ಅಳೆಯಬೇಕು. ಅಳತೆಗಳು ಬೇರೆಯಾದರೆ ತಪ್ಪು ತಂತಿಯದು. 0.75 ಚದರ ಮಿಲಿಮೀಟರ್ ದಪ್ಪದ 40 ಮೀಟರ್ ತಾಮ್ರದ ತಂತಿಗೆ ಸುಮಾರು 0.9 ಓಮ್ ತಡೆಯಿರುವುದರಿಂದ, ಮೋಟಾರು, ರಿಲೇಗಳ 0.3 ಆಂಪಿಯರ್ ವಿದ್ಯುತ್ತು ಅದೇ ಕಾಮನ್ ತಂತಿಯಲ್ಲಿ ಹಿಂದಿರುಗಿದರೆ ಆಜ್ಞೆಯಲ್ಲಿ 0.27 ವೋಲ್ಟಿನಷ್ಟು ಏರುಪೇರಾಗುವುದು. ಆಜ್ಞೆಗೆ ಪ್ರತ್ಯೇಕವಾದ ಹಿಂತಂತಿಯನ್ನು ಎಳೆಯುವುದೇ ಇದಕ್ಕೆ ಉಪಾಯ. ಈ ದೋಷವನ್ನು ನಿಯಂತ್ರಕದಲ್ಲಿ ಲೆಕ್ಕ ಹಾಕಿ ತಿದ್ದಲು ಹೋಗಲೇಬಾರದು. ಮೋಟಾರು ನಿಂತಾಗ ಒಂದು, ನಡೆಯುವಾಗ ಇನ್ನೊಂದು.

ಎರಡೂ ಕಡೆ ಅಳತೆ ಒಂದೇ ಆಗಿದ್ದರೆ ತಪ್ಪು ನಿಯಂತ್ರಕದ್ದು. ಯಂತ್ರವನ್ನು ಅರ್ಧ ಗಂಟೆ ನಡೆಸಿ ಕಾದ ಮೇಲೆ, ಸೊನ್ನೆಯಲ್ಲಲ್ಲದೆ 1 ಮತ್ತು 9 ವೋಲ್ಟಿನ ಆಜ್ಞೆಗಳಲ್ಲಿ ಅಳೆಯತಕ್ಕದ್ದು. 1.30 ಮತ್ತು 9.46 ಬಂದಿತೆನ್ನೋಣ. ಆಜ್ಞೆ 8 ವೋಲ್ಟು ಏರಿದಾಗ ಅಳತೆ 8.16 ಏರಿತು, ಎಂದರೆ ವೋಲ್ಟಿಗೆ 1.02. ಬೇಡದೆ ಉಳಿದದ್ದು 0.28. ಆದಕಾರಣ ಬೇಕಾದ ವೋಲ್ಟಿನಿಂದ 0.28 ಕಳೆದು 1.02ರಿಂದ ಭಾಗಿಸಿದ ಆಜ್ಞೆಯನ್ನು ಕೊಡಬೇಕು. 5 ವೋಲ್ಟು ಬೇಕಾದರೆ 4.63.

ಒಂದು ತೊಡಕುಂಟು. ಸೊನ್ನೆ ಬೇಕಾದಾಗ ಲೆಕ್ಕವು ಸೊನ್ನೆಗಿಂತ ಕೆಳಗಿನ ಆಜ್ಞೆಯನ್ನು ಕೇಳುವುದು. ಅದನ್ನು ಎಷ್ಟೋ ಯಂತ್ರಗಳು ಕೊಡಲಾರವು. ಸೊನ್ನೆಯನ್ನು ಸರಿಪಡಿಸುವ ತಿರುಪಿದ್ದರೆ ಅದನ್ನು ತಿರುಗಿಸಬಹುದು. ಇಲ್ಲವಾದರೆ 2ರಿಂದ 10 ವೋಲ್ಟಿನ ಕ್ರಮಕ್ಕೆ ಹೊಂದಿಸಬಲ್ಲ ಮೋಟಾರನ್ನು ಆರಿಸಿ, ನಿಯಂತ್ರಕವನ್ನೂ ಅದೇ ಕ್ರಮಕ್ಕೆ ತರತಕ್ಕದ್ದು. 2 ವೋಲ್ಟಿನವರೆಗೆ ವಾಲ್ವು ಮುಚ್ಚಿಯೇ ಇರುವುದರಿಂದ ಉಳಿದ 0.28 ವೋಲ್ಟು ಅದನ್ನು ತೆರೆಯಲಾರದು.